ಗೈರು

ಪ್ರಕಾಶಕರು ಚಹಾದ ಲೋಟ ಕೆಳಗಿಟ್ಟು ಕೇಳಿದರು:
ದೆಯ್ಯಕ್ಕ? ಏರ್?
ಕೇಳಿದ್ದರಲ್ಲಿ ತಪ್ಪಿಲ್ಲ.
ಹೊಯ್ಗೆಬಜಾರಿನಲ್ಲೂ ಅದನ್ನೇ ಕೇಳಿದ್ದರು,
ಬೋಳಾರದ ಕ್ಷೌರದಂಗಡಿಯಲ್ಲೂ,
ಅವಳ ಸ್ವಂತ ತಂಗಿಯ ಮೊಮ್ಮಗನೂ,
ಮೀನಿನ ಲಾರಿಗೆ ಮಂಜುಗಡ್ಡೆ ತುಂಬುತ್ತ,
ಒಂದು ಕಿವಿ ನನಗೆ, ಒಂದು ಮೊಬೈಲಿಗೆ ಕೊಟ್ಟು:
"ಓ, ಆ ಅಜ್ಜಿಯಾ? ರೇಷನ್ ಕಾರ್ಡಿನಲ್ಲಿ
ಒಂದು ಹೆಸರು ಹೆಚ್ಚಿತ್ತು ನಮಗೆ, ಅಷ್ಟೆ."

ಯಾಕೆ ಇವಳೇ? ಎಂದರು.
ಸಿದ್ಧ ಉತ್ತರ ಕೊಟ್ಟೆ:
ಚರಿತ್ರೆಯ ಅಂಚು, ಹೆಣ್ಣು, ದುಡಿಮೆ, ಇತ್ಯಾದಿ.
ತಲೆಯಾಡಿಸಿದರು. ಎಷ್ಟು ಪುಟ? ಫೋಟೋ ಉಂಟಾ?

ಫೋಟೋ ಇಲ್ಲ.
ಜೈಲಿನ ದಾಖಲೆಯಲ್ಲಿ ಒಂದು ಸಾಲುಂಟು:
ಎತ್ತರ ನಾಲ್ಕು ಅಡಿ ಹತ್ತಿಂಚು, ಎಡಗಿವಿಯ ತೂತು ಹರಿದಿದೆ.
ಎರಡು ಹೆಬ್ಬೆಟ್ಟು ಉಂಟು.
ಮತ್ತೆ, ಜೆಪ್ಪುವಿನಲ್ಲಿ, ತೊಂಬತ್ತು ದಾಟಿದ ಸೆರಫಿನಾ ಬಾಯಿ
ಇನ್ನೂ ಇದ್ದಾರೆ.

ಹಸಿ ಹಂಚು ಒಡೆದರೆ ಆಗ
ಹಂಚಿಗೆ ಮೂರು ಕಾಸಿನಂತೆ ಕೂಲಿಯಲ್ಲಿ ಮುರಿಯುತ್ತಿದ್ದರಂತೆ.
ಜೇಡಿ ಬಿದ್ದ ನೆಲ, ಬರಿಗಾಲು. ಒಡೆಯದೆ ಏನು?
ಒಂದು ಬೆಳಿಗ್ಗೆ, ಅಚ್ಚಿನ ಕೋಣೆಯಿಂದ ಭಟ್ಟಿಗೆ
ತಲೆಯ ಮೇಲೆ ಆರಾರು ಹಂಚು ಹೊತ್ತು ನಡೆದ
ನಲವತ್ತೊಂದು ಹೆಂಗಸರು
ಅಂಗಳದ ನಡುವೆ ನಿಂತುಬಿಟ್ಟರು.

ಇಳಿಸಿ, ಎಂದ ಮ್ಯಾನೇಜರು.
ಇಳಿಸುವುದಿಲ್ಲ, ಎಂದಳು ದೆಯ್ಯಕ್ಕ.
ಇನ್ನೂರ ನಲವತ್ತಾರು ಹಂಚು
ಗಾಳಿಯಲ್ಲಿ, ಕುತ್ತಿಗೆಗಳ ಮೇಲೆ.
ಮುಷ್ಕರವೆಂದರೆ ಕೆಲಸ ಕೆಳಗಿಡುವುದೆಂದು ಓದಿಕೊಂಡಿದ್ದ
ಯೂನಿಯನಿನ ಗಂಡಸರು
ಬೇಲಿಯಾಚೆ ಬಾಯಿ ತೆರೆದು ನೋಡಿದರು.

ಮಧ್ಯಾಹ್ನದ ಸೈರನ್ ಕೂಗುವವರೆಗೆ ನಿಂತರು.
ಬಿದ್ದದ್ದು ಒಂದೇ ಹಂಚು.
ಅದು ಯಾರದೆಂದು ಬಾಯಿ ಇವತ್ತಿಗೂ ಹೇಳುವುದಿಲ್ಲ.
ಹೇಳುತ್ತ ಹೇಳುತ್ತ ಅವರ ಕೈ
ತಾನಾಗಿ ನೆತ್ತಿಗೆ ಹೋಯಿತು,
ಇಲ್ಲದ ಸಿಂಬಿಯನ್ನು ಸರಿಮಾಡಿತು.

ಆಮೇಲೆ ನಾಲ್ಕು ತಿಂಗಳು ಕೋಡಿಯಾಲಬೈಲಿನ ಜೈಲು.
ಆಮೇಲೆ ಯೂನಿಯನಿನವರೇ ಹೊರಗಿಟ್ಟರು:
ಸಭೆಗೆ ಚಹಾ ಕಾಸುವುದು ಯಾವಾಗಲೂ ನಾವೇ ಯಾಕೆ
ಎಂದು ಸಭೆಯಲ್ಲೇ ಎದ್ದು ಕೇಳಿದಳಂತೆ.
ಆಮೇಲೆ ಬಂದರಿನಲ್ಲಿ ಒಣಮೀನು ಹೊತ್ತಳು.
ಆಮೇಲೆ ಗೊತ್ತಿಲ್ಲ.

ಕಾರ್ಖಾನೆಯ ಹಾಜರಿ ಪುಸ್ತಕ ಸಿಕ್ಕಿದ್ದು ಗುಜರಿಯಲ್ಲಿ.
ತೂಕಕ್ಕೆ ಕೊಟ್ಟ. ಎಂಟು ರೂಪಾಯಿ ಚಿಲ್ಲರೆ ಬಿಟ್ಟ.
ಆ ತಾರೀಖಿನ ಕೆಳಗೆ, ನಲವತ್ತೊಂದು ಹೆಸರುಗಳೆದುರು,
ಗೈರು, ಗೈರು, ಗೈರು,
ಪುಟ ತಿರುಗಿಸಿದರೆ ಮತ್ತೂ ಗೈರು.
ದುಂಡನೆಯ ಅಕ್ಷರ. ರು-ವಿನ ಕೊಂಬು ಕೊನೆಯಲ್ಲಿ
ಗಾಳದ ಕೊಕ್ಕೆಯಂತೆ ಮೇಲಕ್ಕೆ ಸುಳಿದಿದೆ.

ಆ ಕೊಕ್ಕೆ ನನಗೆ ಗೊತ್ತು.
ಅಕ್ಕಿ ಹರಡಿದ ಹರಿವಾಣದಲ್ಲಿ ನನ್ನ ಬೆರಳು ಹಿಡಿದು
ತಿದ್ದಿಸಿದ ಕೈ ಅದು.
ಅರುವತ್ತು ರೂಪಾಯಿ ಸಂಬಳದ ರೈಟರು,
ಗದರಿಸಲು ಬಾರದ ಮನುಷ್ಯ,
ಇರುವೆ ಸಾಲಿಗೆ ದಾರಿ ಬಿಟ್ಟು ನಡೆಯುತ್ತಿದ್ದರು.
ಅವರ ಮೇಜಿನ ಎದುರಿಗೇ ಕಿಟಕಿ, ಕಿಟಕಿಯ ಎದುರಿಗೇ ಅಂಗಳ.
ನೋಡುತ್ತ ನೋಡುತ್ತ ಬರೆದರೋ,
ಬರೆದು ಮುಗಿಸಿ ತಲೆಯೆತ್ತಿದರೋ.
ಅದಕ್ಕೊಂದು ಅಧ್ಯಾಯ ಖಾಲಿ ಬಿಟ್ಟಿದ್ದೇನೆ.

ಪ್ರಕಾಶಕರಿಗೆ ಇದನ್ನು ಹೇಳಲಿಲ್ಲ.
ಇನ್ನೂರು ಪುಟ ಆದೀತು, ಎಂದೆ;
ಮುಖಪುಟಕ್ಕೆ ಹೆಬ್ಬೆಟ್ಟು ಹಾಕೋಣ.
ನೋಡುವಾ, ಎಂದರು. ಚಹಾದ ದುಡ್ಡು ಅವರೇ ಕೊಟ್ಟರು.

ರಾತ್ರಿ ಕುಳಿತು ಮೊದಲ ಸಾಲು ಬರೆದೆ:
ಆ ದಿನ ಅವರು ಅಲ್ಲಿ ಇದ್ದರು.
ರು-ವಿನ ಕೊಂಬು, ಎಷ್ಟು ಹಿಡಿದರೂ,
ಕೊನೆಯಲ್ಲಿ ಮೇಲಕ್ಕೆ ಸುಳಿಯಿತು.